ಬ್ರೆಡ್ಡಣ್ಣ ನಿದ್ದೆಗೊಂದು ಜಾಗ ಹುಡುಕಿದ್ದು

ಆ ಮನೆಯಲ್ಲಿ ನಾಲ್ಕು ಜನ, ಎರಡು ಮಂಚ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಮನೆಯ ಯಜಮಾನರು ಸೌದೆ ಭಟ್ಟಿಯ ಬೇಕರಿಯಲ್ಲಿ ಬ್ರೆಡ್ ಸುಡುತ್ತಾರೆ. ರಾತ್ರಿ ಹತ್ತಕ್ಕೆ ಹೊರಟರೆ ಬೆಳಗ್ಗೆ ಆರೂವರೆಗೆ ವಾಪಸು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವರ ಪಾಳಿ ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಮಗಳು ಹಾಲಿನ ಡೈರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಬೆಳಗಿನ ಜಾವ ಮೂರೂವರೆಗೆ ಡೈರಿಯ ವ್ಯಾನು ಬೀದಿಯ ಕೊನೆಗೆ ಬಂದು ನಿಲ್ಲುತ್ತದೆ. ನಾಲ್ಕನೆಯವರು ಹೆಂಡತಿಯ ತಾಯಿ, ವಯಸ್ಸು ಎಪ್ಪತ್ತಾರು. ಅವರದು ಬಾಗಿಲಿನ ಕೆಲಸ. ಆ ಬಾಗಿಲಿಗೆ ಹೊರಗೆ ಕೊಂಡಿಯಿದ್ದರೂ ಬೀಗವಿಲ್ಲ, ಒಳಚಿಲಕ ಮಾತ್ರ. ಹೋಗುವವರ ಹಿಂದೆ ಹಾಕಲು, ಬರುವವರಿಗೆ ತೆಗೆಯಲು ಒಬ್ಬರು ಬೇಕು. ಅಜ್ಜಿಯದು ಹೀಗಾಗಿ ಕಂತಿನ ನಿದ್ದೆ. ಹೊರಗಿನಿಂದ ತೆಗೆಯುವ ಬೀಗ ಹಾಕಿಸಬಹುದಲ್ಲ ಎಂದು ಯಾರಾದರೂ ಹೇಳಿದರೆ, "ಆಮೇಲೆ ನಾನೇನ್ ಮಾಡ್ಲಿ, ಹಾಡು ಹೇಳ್ಲಾ?" ಎನ್ನುತ್ತಾರೆ.

ಯಾವ ಹೊತ್ತಿಗೆ ಹೋದರೂ ಆ ಮನೆಯಲ್ಲಿ ಯಾರೋ ಮಲಗಿರುತ್ತಾರೆ, ಯಾರೋ ಎದ್ದಿರುತ್ತಾರೆ. ಆದ್ದರಿಂದ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಪಾತ್ರೆಗಳ ಕೆಳಗೆ ಬಟ್ಟೆ ಹಾಸಿದೆ. ಹಾಸಿಗೆ ತಣ್ಣಗಾಗುವುದಿಲ್ಲ, ಮಗಳು ಎದ್ದ ಜಾಗಕ್ಕೆ ತಾಯಿ, ತಾಯಿ ಎದ್ದ ಜಾಗಕ್ಕೆ ತಂದೆ.

ಬೀದಿಯವರು ತಂದೆಯನ್ನು ಕರೆಯುವುದು ಬ್ರೆಡ್ಡಣ್ಣ ಎಂದು. ಐವತ್ನಾಲ್ಕು ವರ್ಷ, ಕುಳ್ಳು, ಗಟ್ಟಿ ಮೈ. ಬಲಗೈಯ ಮೊಣಕೈವರೆಗೆ ಒಂದೂ ಕೂದಲಿಲ್ಲ, ಭಟ್ಟಿಯ ಝಳಕ್ಕೆ ಸುಟ್ಟು ಹೋಗಿದೆ. ಇಪ್ಪತ್ತೆಂಟು ವರ್ಷಗಳಿಂದ ಅದೇ ಭಟ್ಟಿಯ ಮುಂದೆ ನಿಂತಿದ್ದಾರೆ. ಒಳಗೆ ಬಿಸಿ ಎಷ್ಟಿದೆ ಎಂದು ತಿಳಿಯಲು ಒಂದು ಚಿಟಿಕೆ ಹಿಟ್ಟು ಎಸೆದು, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಮನಸ್ಸಿನಲ್ಲೇ ಎಣಿಸುತ್ತಾರೆ. ಮಾತು ಕಡಿಮೆ. ಏನನ್ನಾದರೂ ಕೇಳಿದರೆ ಕೇಳಿದಷ್ಟಕ್ಕೇ ಉತ್ತರ, ಅದೂ ಸತ್ಯವಾದ ಉತ್ತರ. ಈ ಗುಣದಿಂದಲೇ ಮುಂದೆ ಒಂದು ಎಡವಟ್ಟಾಯಿತು.

ಮಗಳ ಮದುವೆ ನಿಶ್ಚಯವಾದದ್ದು ಈ ವರ್ಷದ ಮೊದಲಲ್ಲಿ. ಹುಡುಗನ ಊರು ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ಅವನು ಮಾತಿನ ನಡುವೆ, ನಮ್ಮನೇಲಿ ರಾತ್ರಿ ಹತ್ತಕ್ಕೆ ಎಲ್ಲಾ ಲೈಟೂ ಆರತ್ತೆ, ಎಲ್ಲರೂ ಮಲಗ್ತೀವಿ ಎಂದನಂತೆ. ಇವಳು, "ಹಾಗಾದ್ರೆ ಬಾಗಿಲು ಯಾರು ತೆಗೀತಾರೆ?" ಎಂದು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆ ವಾರ ಒಂದು ಮಧ್ಯಾಹ್ನ ನಾಲ್ವರೂ ಎದ್ದಿದ್ದ ಅರ್ಧ ಗಂಟೆಯಲ್ಲಿ ಮಗಳು ವಿಷಯ ತೆಗೆದಳು.

"ಅಪ್ಪಾ, ಮದುವೆಗೆ ನನಗೆ ಸೀರೆ, ಸರ ಏನೂ ಬೇಡ. ಒಂದು ರಾತ್ರಿ ಕೊಡಿ."

"ಯಾವ ರಾತ್ರಿ?"

"ಯಾವುದಾದ್ರೂ ಸರಿ. ನಾವು ನಾಲ್ಕೂ ಜನ ಒಂದೇ ಹೊತ್ತಿಗೆ ನಿದ್ದೆ ಮಾಡಿರ್ಬೇಕು. ನನಗೀಗ ಇಪ್ಪತ್ನಾಲ್ಕು. ಒಂದು ಸಲಾನೂ ಆಗಿಲ್ಲ. ನಾನು ಹೋದ್ಮೇಲೆ ಆಗೋದೂ ಇಲ್ಲ."

ನಿಜಕ್ಕೂ ಒಂದು ಸಲವೂ ಆಗಿಲ್ಲವೇ ಎಂದು ತಾಯಿ, ಬೀದಿಯವರ ನರ್ಸಮ್ಮ, ನೆನಪು ಮಾಡಿಕೊಳ್ಳಲು ನೋಡಿದರು. ಮಗಳು ಹುಟ್ಟಿದ ತಿಂಗಳುಗಳಲ್ಲಿ ಅವರು ಮನೆಯಲ್ಲೇ ಇದ್ದರು, ಆದರೆ ಗಂಡ ಭಟ್ಟಿಯಲ್ಲಿದ್ದರು. ಗಂಡನಿಗೆ ಜ್ವರ ಬಂದ ವಾರ ಅವರಿಗೇ ರಾತ್ರಿ ಪಾಳಿ. ಅಜ್ಜಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ಮೂವರು ಸರದಿಯ ಮೇಲೆ ಕಾವಲಿದ್ದರು. ಕೊನೆಗೆ ಅವರೂ, "ಹೌದಲ್ರೀ," ಎಂದರು.

ಬ್ರೆಡ್ಡಣ್ಣನ ಬಿಡುವು ವಾರಕ್ಕೊಂದು ರಾತ್ರಿ ಇದೆ. ಅದು ಯಾವುದೆಂದು ಗೊತ್ತಾಗುವುದು ಆ ದಿನ ಸಂಜೆಯೇ. ಬಿಡುವಿನ ರಾತ್ರಿಯೂ ಹಿಟ್ಟು ಹುದುಗು ಬಂದಿಲ್ಲ ಎಂದೋ, ಹೊಸಬನಿಗೆ ಸೌದೆ ಉರಿ ಕೂರಿಸಲು ಬಂದಿಲ್ಲ ಎಂದೋ ಬೇಕರಿಯಿಂದ ಫೋನು. ಆಸ್ಪತ್ರೆಯದೂ ಅದೇ ಕಥೆ. ಮನೆಯಲ್ಲಿ ಮಲಗಿದರೆ ಈ ಕೆಲಸ ಆಗದು ಎಂದು ಮೊದಲು ಹೇಳಿದವರು ಅಜ್ಜಿ. "ಇಲ್ಲಿ ಯಮ ಬಂದ್ರೂ ಬಾಗಿಲು ತಟ್ಟಿ, ಸಿಸ್ಟರ್ ಇದ್ದಾರಾ ಅಂತಾನೆ."

ಸರೋವರದ ಮಾತು ಬಂದದ್ದು ಹೀಗೆ. ಊರಿನಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ. ನೆಲದ ಒಂದು ಪಟ್ಟಿ ನೀರಿನೊಳಗೆ ಅರ್ಧ ಮೈಲಿ ಚಾಚಿಕೊಂಡಿದೆ, ಮೂರು ಕಡೆ ನೀರು. ಅದನ್ನು ಎಲ್ಲರೂ ಮೂಗು ಎಂದೇ ಕರೆಯುತ್ತಾರೆ. ಅಲ್ಲಿ ಡೇರೆ ಹಾಕಿ ರಾತ್ರಿ ಕಳೆಯಲು ನಂಬರು ಹಾಕಿದ ಐದು ಜಾಗಗಳಿವೆ. ನಾಲ್ಕನೆಯ ಕಡೆ, ನೆಲಕ್ಕೆ ಅಂಟಿಕೊಂಡಲ್ಲಿ, ಒಂದು ಗೇಟು. ಸಂಜೆ ಆರಕ್ಕೆ ಹಾಕಿದರೆ ಬೆಳಗ್ಗೆ ಆರಕ್ಕೇ ತೆಗೆಯುವುದು. ಒಳಗೆ ಮೊಬೈಲು ಹಿಡಿಯುವುದಿಲ್ಲ. ಗೇಟಿನ ಕಾವಲುಗಾರನ ಕೋಣೆಯಲ್ಲಿ ಒಂದು ಫೋನಿದೆ. ಅದರ ನಂಬರನ್ನು ಆಸ್ಪತ್ರೆಗೆ ಕೊಡಬಾರದು ಎಂಬುದು ಈ ಯೋಜನೆಯ ಮೊದಲ ತೀರ್ಮಾನ. ನರ್ಸಮ್ಮ ಒಪ್ಪಿದರು, ಎರಡು ದಿನ ಯೋಚಿಸಿ.

ದಿನ ಗೊತ್ತು ಮಾಡಿಕೊಟ್ಟದ್ದು ಭಟ್ಟಿ. ಅದರ ತಳದ ಇಟ್ಟಿಗೆ ಸವೆದು ಬ್ರೆಡ್ಡಿನ ಬುಡ ಒಂದು ಕಡೆ ಕಪ್ಪಾಗುತ್ತಿತ್ತು. ಇಟ್ಟಿಗೆ ಬದಲಿಸಬೇಕೆಂದರೆ ಉರಿ ಆರಿಸಿ ಎರಡು ದಿನ ಹಾಗೇ ಬಿಡಬೇಕು. ಆರೇಳು ವರ್ಷಕ್ಕೊಮ್ಮೆ ಬರುವ ಕೆಲಸ. ಮುಂದಿನ ತಿಂಗಳ ಎರಡನೇ ಶುಕ್ರವಾರ ಉರಿ ಆರಿಸುವುದೆಂದು ಮಾಲೀಕರು ಹೇಳಿದಾಗ, ಬ್ರೆಡ್ಡಣ್ಣ, "ಶನಿವಾರ ರಾತ್ರಿ ನಾನು ಊರಲ್ಲಿರಲ್ಲ," ಎಂದರು. ಮಾಲೀಕರು ಲೆಕ್ಕದ ಪುಸ್ತಕದಿಂದ ತಲೆ ಎತ್ತಿ, "ನೀನಾ?" ಎಂದರಂತೆ.

ಒಂದು ಶನಿವಾರ ರಾತ್ರಿಗಾಗಿ ನರ್ಸಮ್ಮ ಸಹೋದ್ಯೋಗಿಯ ಮೂರು ಮಧ್ಯಾಹ್ನದ ಪಾಳಿ ತಾವು ಮಾಡುವುದಾಗಿ ಬರೆದುಕೊಟ್ಟರು. ಮಗಳು ಭಾನುವಾರ ರಜೆ ಹಾಕಿದಳು. ದಿನ ತಪ್ಪಿದರೆ ಮತ್ತೆ ಹೊಂದುವುದಿಲ್ಲ. ಮದುವೆಗೆ ಅಷ್ಟರಲ್ಲಿ ಉಳಿಯುವುದು ಐದೇ ವಾರ.

ಜಾಗ ನೋಡಿಕೊಂಡು ಬರಲು ಬ್ರೆಡ್ಡಣ್ಣನೇ ಹೋದರು. ಕೆಲಸ ಮುಗಿಸಿ, ಮನೆಗೆ ಬಾರದೆ, ಬೇಕರಿಯಿಂದ ನೇರ ಬಸ್ಸು ಹತ್ತಿ ಒಂಬತ್ತರ ಹೊತ್ತಿಗೆ ಗೇಟಿನಲ್ಲಿದ್ದರು. ಒಂದನೇ ಜಾಗ ಗೇಟಿಗೆ ಹತ್ತಿರ, ಬೇಡ. ಎರಡು ಇಳಿಜಾರು. ಐದು ಮೂಗಿನ ತುದಿ, ಗಾಳಿ. ಮೂರು ಮತ್ತು ನಾಲ್ಕರ ನಡುವೆ ಯಾವುದು ಮೇಲು ಎಂದು ತಿಳಿಯಲು ಎರಡರಲ್ಲೂ ಮಲಗಿ ನೋಡಿದರು. ನಾಲ್ಕರಲ್ಲಿ ಮಲಗಿದವರು ಎದ್ದಾಗ ಮಧ್ಯಾಹ್ನ ಎರಡೂವರೆ. ಕಾವಲುಗಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಉಸಿರಾಟ ನೋಡುತ್ತಿದ್ದ.

ಮನೆಗೆ ಬಂದಾಗ ಮೂವರೂ ಕಾಯುತ್ತಿದ್ದರು.

"ನಾಲ್ಕನೇದು," ಎಂದರು ಬ್ರೆಡ್ಡಣ್ಣ. "ನೆಲ ಚೆನ್ನಾಗಿದೆ."

"ನೆಲ ಬಿಡಿ. ಕಕ್ಕಸು ಎಷ್ಟು ದೂರ?" ಎಂದರು ಅಜ್ಜಿ.

ಅದನ್ನು ನೋಡಿರಲಿಲ್ಲ.

"ಅಳಿಯಂದ್ರೇ, ಅಷ್ಟು ದೂರ ಹೋಗಿ ಮಣ್ಣು ನೋಡ್ಕೊಂಡು ಬಂದಿದ್ದೀರಲ್ಲ, ನಾವೇನು ಅಲ್ಲಿ ಬಾವಿ ತೋಡ್ತೀವಾ?"

ಬ್ರೆಡ್ಡಣ್ಣ ಮಾರನೆಯ ದಿನ ಮತ್ತೆ ಹೋದರು. ನೂರ ಅರವತ್ತು ಹೆಜ್ಜೆ ಎಂದು ಎಣಿಸಿಕೊಂಡು ಬಂದರು. ಅದು ತಮ್ಮ ಹೆಜ್ಜೆಯೆಂದೂ ಅತ್ತೆಯ ಹೆಜ್ಜೆಗೆ ಇನ್ನೂರ ನಲವತ್ತಾಗಬಹುದೆಂದೂ ತಾವಾಗಿಯೇ ಸೇರಿಸಿದರು. ಅಜ್ಜಿಗೆ ಈ ಸೇರಿಸಿದ ಮಾತು ಇಷ್ಟವಾಯಿತು. ಅಂದಿನಿಂದ ತಕರಾರು ಕಡಿಮೆಯಾಯಿತು.

ನಿಜವಾದ ಆತಂಕ ಬ್ರೆಡ್ಡಣ್ಣನ ನಿದ್ದೆಯದು. ಇಪ್ಪತ್ತೆಂಟು ವರ್ಷ ರಾತ್ರಿ ಎದ್ದಿರುವ ಮೈ ಒಂದು ರಾತ್ರಿಗೆ ಮಾತು ಕೇಳುತ್ತದೆಯೇ? ಬಿಡುವಿನ ರಾತ್ರಿಗಳಲ್ಲಿ ಅವರು ಡಬ್ಬಿ ತೊಳೆಯುತ್ತಾರೆ, ಚಾಕು ಮಸೆಯುತ್ತಾರೆ.

"ನೀನು ನರ್ಸಲ್ವಾ? ಒಂದು ಮಾತ್ರೆ ಕೊಟ್ಟು ಮಲಗಿಸು," ಎಂದರು ಅಜ್ಜಿ ನರ್ಸಮ್ಮನಿಗೆ.

"ಅಮ್ಮಾ, ಮಾತ್ರೆ ನುಂಗಿಸಿ ಮಲಗಿಸಿದ್ರೆ ಅದು ಪಿಕ್ನಿಕ್ ಅಲ್ಲ, ವಾರ್ಡು."

ಶುಕ್ರವಾರ ರಾತ್ರಿ ಎಂದಿನಂತೆ ಎದ್ದಿರುವುದು, ಶನಿವಾರ ಹಗಲು ಮಲಗದಿರುವುದು ಎಂದು ತೀರ್ಮಾನವಾಯಿತು. ಹಗಲು ಕಾಯುವ ಕೆಲಸ ಅಜ್ಜಿಗೆ. ತೂಕಡಿಸಿದರೆ ತಟ್ಟಿ ಎಬ್ಬಿಸುವ ಅಧಿಕಾರ ಕೊಡಲಾಯಿತು. "ಇಪ್ಪತ್ತಾರು ವರ್ಷದಿಂದ ಕಾಯ್ತಿದ್ದೆ," ಎಂದರು ಅವರು.

ಡೇರೆ ಬಾಡಿಗೆಗೆ ತಂದದ್ದು ಹೊರಡುವ ನಾಲ್ಕು ದಿನ ಮೊದಲು. ಮಂಗಳವಾರ ಮಧ್ಯಾಹ್ನ ತಾರಸಿಯ ಮೇಲೆ ಒಮ್ಮೆ ಹಾಕಿ ನೋಡೋಣ ಎಂದು ಮಗಳು ಹೇಳಿದಳು. ಕೋಲು ಸಿಕ್ಕಿಸಿ, ಹಗ್ಗ ಎಳೆದು, ಬ್ರೆಡ್ಡಣ್ಣ ಇಪ್ಪತ್ತು ನಿಮಿಷದಲ್ಲಿ ಡೇರೆ ನಿಲ್ಲಿಸಿದರು. ಹಸಿರು ಬಣ್ಣ, ಅಚ್ಚುಕಟ್ಟಾಗಿತ್ತು. ಮೊದಲು ಮಗಳು ಒಳಗೆ ಹೋದಳು. ಆಮೇಲೆ ನರ್ಸಮ್ಮ. ಮೂರನೆಯವರಾಗಿ ಅಜ್ಜಿ ತಲೆ ತೂರಿಸಿ ಅಲ್ಲೇ ನಿಂತರು.

"ಇದರೊಳಗೆ ಇನ್ನೊಂದು ಬೆಕ್ಕೂ ಹಿಡಿಸಲ್ಲ."

ನರ್ಸಮ್ಮ ಹೊರಗೆ ಬಂದು ಚೀಲದ ಮೇಲಿನ ಚೀಟಿ ಓದಿದರು. ಇಬ್ಬರಿಗೆ ಎಂದಿತ್ತು.

"ರೀ, ಅಂಗಡಿಯವನು ಏನು ಕೇಳ್ದ?"

"ಒಂದೇ ಹೊತ್ತಿಗೆ ಎಷ್ಟು ಜನ ಮಲಗ್ತೀರಿ ಅಂತ."

"ನೀವೇನ್ ಹೇಳಿದ್ರಿ?"

"ಇಬ್ಬರು ಅಂದೆ." ಚೀಟಿಯನ್ನು ತಾವೂ ಒಮ್ಮೆ ಓದಿ, "ಹೌದಲ್ವಾ?" ಎಂದರು.

ಯಾರೂ ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಹಾಸಿಗೆಯ ಪಟ್ಟಿ ಮಾಡಿದ್ದ ನರ್ಸಮ್ಮ ಎರಡು ಚಾಪೆ, ಎರಡು ದಿಂಬು ಎಂದು ಬರೆದಿದ್ದು ಆಗ ಬೆಳಕಿಗೆ ಬಂತು. ಮಗಳು ಕಟ್ಟಿಟ್ಟ ಗಂಟಿನಲ್ಲಿ ಹೊದಿಕೆಗಳೂ ಎರಡೇ ಇದ್ದವು. ಮೂರು ವಾರ ಯೋಜನೆ ಹಾಕಿದ ನಾಲ್ವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಬ್ರೆಡ್ಡಣ್ಣ ಅಂಗಡಿಗೆ ಓಡಿದರು. ದೊಡ್ಡ ಡೇರೆಗಳನ್ನೆಲ್ಲ ಯಾವುದೋ ಕಾಲೇಜಿನವರು ಆ ವಾರಕ್ಕೆ ಒಯ್ದಿದ್ದರು. ಇನ್ನೊಂದು ಚಿಕ್ಕದಿದೆ, ಇಬ್ಬಿಬ್ಬರು ಮಲಗಿ ಎಂದ ಅಂಗಡಿಯವನು. ಮನೆಗೆ ಬಂದು ಹಾಗೆ ಹೇಳಿದಾಗ ಮಗಳು, "ಇಬ್ಬಿಬ್ಬರೇ ಅಲ್ವಾ ಇಷ್ಟು ವರ್ಷ ಮಲಗಿದ್ದು," ಎಂದಳು. ದನಿ ಎತ್ತಿರಲಿಲ್ಲ. ಆದರೂ ಬ್ರೆಡ್ಡಣ್ಣ ಆ ದಿನ ಊಟಕ್ಕೆ ಕೂರಲಿಲ್ಲ.

ಅಜ್ಜಿ ಒಂದು ದಾರಿ ಸೂಚಿಸಿದರು. "ನೀವು ಮೂವರು ಹೋಗಿ. ನಾನು ಮನೇಲೇ ಮಲಗ್ತೀನಿ. ಒಂದೇ ಹೊತ್ತು ತಾನೇ? ನಾನಿಲ್ಲಿ, ನೀವಲ್ಲಿ."

"ನೀವು ಮಲಗಿದ್ರೋ ಇಲ್ವೋ ನಮಗೆ ಹೆಂಗೆ ಗೊತ್ತಾಗತ್ತೆ?" ಎಂದಳು ಮೊಮ್ಮಗಳು.

"ನನ್ನ ಮಾತಿಗೆ ಬೆಲೆ ಇಲ್ವಾ?"

"ಇಲ್ಲ. ಎಂಟು ಗಂಟೆಗೆ ಮಲಗ್ತೀನಿ ಅಂತ ದಿನಾ ಹೇಳ್ತೀರಿ."

ಮಂಗಳವಾರ ರಾತ್ರಿ ಕೆಲಸಕ್ಕೆ ಹೋದ ಬ್ರೆಡ್ಡಣ್ಣ ಬುಧವಾರ ಬೆಳಗ್ಗೆ ತಲೆಯ ಮೇಲೆ ಒಂದು ಮೂಟೆ ಹೊತ್ತು ಬಂದರು. ಬ್ರೆಡ್ಡಿನ ವ್ಯಾನಿಗೆ ಮುಂಚೆ ಹೊದಿಸುತ್ತಿದ್ದ ಹಳೆಯ ಟಾರ್ಪಾಲು. ಉದ್ದ, ಅಗಲ ಬೇಕಾದಷ್ಟಿತ್ತು. ಆದರೆ ನಡುವೆ ಆಳುದ್ದ ಹರಿದಿತ್ತು, ಅಂಚಿನಲ್ಲಿ ಒಂದು ಡಜನ್ ತೂತು. ಜೊತೆಗೆ ಹಿಟ್ಟಿನ ಖಾಲಿ ಚೀಲಗಳು, ಸೆಣಬಿನ ದಾರದ ಉಂಡೆ, ಮೂಟೆ ಹೊಲಿಯುವ ದಬ್ಬಣ. ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಟಾರ್ಪಾಲು ಇಳಿಬಿಟ್ಟರೆ ನಾಲ್ಕಲ್ಲ, ಆರು ಜನ ಮಲಗಬಹುದು. ನಾಲ್ಕನೇ ಜಾಗದಲ್ಲಿ ಎರಡು ಮರ ಇವೆಯೇ ಎಂಬುದು ಮಾತ್ರ ನೆನಪಿರಲಿಲ್ಲ. ಗೇಟಿಗೆ ಫೋನು ಮಾಡಿದರು.

"ಯಾರು? ಅವತ್ತು ಮಲಗಿದ್ರಲ್ಲ, ಅವರಾ?" ಎಂದ ಕಾವಲುಗಾರ. "ನಿಮ್ಮ ತಲೆ ಹತ್ರ ಒಂದು ಮರ, ಕಾಲ ಹತ್ರ ಒಂದು ಮರ ಸ್ವಾಮಿ."

ದಬ್ಬಣ ಒಂದೇ. ಬೇರೆ ಮನೆಯಾಗಿದ್ದರೆ ಆ ಟಾರ್ಪಾಲು ಮೂರು ದಿನದಲ್ಲಿ ಮುಗಿಯುತ್ತಿರಲಿಲ್ಲ. ಈ ಮನೆಯಲ್ಲಿ ಮುಗಿಯಿತು. ಬುಧವಾರ ಬೆಳಗ್ಗೆ ಎಂಟರವರೆಗೆ ಬ್ರೆಡ್ಡಣ್ಣ ಹೊಲಿದರು. ಅವರು ಮಲಗಲು ಹೋಗುವಾಗ ದಬ್ಬಣವನ್ನು ಅಜ್ಜಿಗೆ ಕೊಟ್ಟರು. ಒಂದು ಗಂಟೆಗೆ ಡೈರಿಯಿಂದ ಬಂದ ಮಗಳು ಅಜ್ಜಿಯಿಂದ ಪಡೆದಳು, ರಾತ್ರಿ ಎಂಟೂವರೆಗೆ ಆಸ್ಪತ್ರೆಯಿಂದ ಬಂದ ನರ್ಸಮ್ಮ ಮಗಳಿಂದ ಪಡೆದರು. ದಬ್ಬಣ ಗುರುವಾರವೂ ಶುಕ್ರವಾರವೂ ಹೀಗೇ ಕೈಯಿಂದ ಕೈಗೆ ಹೋಯಿತು. ಹಾಸಿಗೆಯಂತೆ ಅದೂ ತಣ್ಣಗಾಗಲಿಲ್ಲ.

ಯಾರು ಎಲ್ಲಿ ಹೊಲಿದಿದ್ದಾರೆಂದು ಈಗಲೂ ನೋಡಿದರೆ ತಿಳಿಯುತ್ತದೆ. ಬ್ರೆಡ್ಡಣ್ಣನದು ಮೂಟೆಯ ಬಾಯಿ ಕಟ್ಟುವ ಬಿಗಿ ಹೊಲಿಗೆ. ಮಗಳದು ನೆಟ್ಟಗೆ, ಹಾಲಿನ ಪೊಟ್ಟಣದ ಅಂಚಿನಂತೆ. ನರ್ಸಮ್ಮ ಒಂದೊಂದು ಹೊಲಿಗೆಯನ್ನೂ ಬೇರೆ ಬೇರೆ ಗಂಟು ಹಾಕಿ ಕತ್ತರಿಸಿದ್ದಾರೆ.

"ನಿಮ್ಮಮ್ಮನ ಹೊಲಿಗೆ ನೋಡೇ," ಎಂದರು ಅಜ್ಜಿ ಮೊಮ್ಮಗಳಿಗೆ. "ಹತ್ತು ದಿನ ಬಿಟ್ಟು ಬನ್ನಿ, ದಾರ ಬಿಚ್ತೀವಿ ಅನ್ನೋ ಹಾಗಿದೆ."

"ನಿಮ್ಮದೇನಮ್ಮಾ, ಹಾವು ಹರಿದ ಹಾಗೆ," ಎಂದರು ನರ್ಸಮ್ಮ.

"ನನಗೆ ಎಪ್ಪತ್ತಾರು. ನಿನ್ನ ಕೈಗೇನಾಗಿದೆ?"

ಶನಿವಾರ ಮಧ್ಯಾಹ್ನ ಮೂರರ ಬಸ್ಸಿಗೆ ಹೊರಟರು. ನಾಲ್ಕು ಚಾಪೆ, ನಾಲ್ಕು ದಿಂಬು, ನಾಲ್ಕು ಹೊದಿಕೆ. ಎರಡೆರಡನ್ನು ಪಕ್ಕದ ಮನೆಯಿಂದ ತಂದದ್ದು. ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಗುರುವಾರ ರಾತ್ರಿ ಸುಟ್ಟ ಬ್ರೆಡ್ಡು. ಬೆಳಗ್ಗೆಯಿಂದ ಅಜ್ಜಿ ಅಳಿಯನನ್ನು ಹನ್ನೊಂದು ಸಲ ತಟ್ಟಿ ಎಬ್ಬಿಸಿದ್ದರು, ಬಸ್ಸಿನಲ್ಲಿ ಇನ್ನೂ ನಾಲ್ಕು ಸಲ. ಹೊರಡುವಾಗ ಮನೆಗೆ ಹೊರಗಿನಿಂದ ಬೀಗ ಹಾಕಬೇಕಾಯಿತು. ಪಕ್ಕದ ಮನೆಯಾಕೆಯಿಂದ ಅದನ್ನೂ ತಂದಿದ್ದರು. ಆರಕ್ಕೆ ಗೇಟು ಬಿತ್ತು.

ಮರುದಿನ ಬೆಳಗ್ಗೆ ಏಳೂವರೆಗೆ ಕಾವಲುಗಾರ ಒಂಬತ್ತಕ್ಕೆ ಜಾಗ ಬಿಡಬೇಕೆಂದು ನೆನಪಿಸಲು ಬಂದಾಗ, ನಾಲ್ವರೂ ಟಾರ್ಪಾಲಿನ ಮುಂದೆ ಕೂತು ಚಹಾ ಕುಡಿಯುತ್ತ ಜಗಳವಾಡುತ್ತಿದ್ದರು. ಕಾವಲುಗಾರನಿಗೂ ಒಂದು ಲೋಟ ಬಂತು.

ವಿಷಯ ಇಷ್ಟು. ಎಲ್ಲರೂ ಒಟ್ಟಿಗೆ ನಿದ್ದೆ ಮಾಡಿದ್ದರೆ ಅದನ್ನು ನೋಡಿದವರು ಯಾರು? ಬ್ರೆಡ್ಡಣ್ಣ ಎಂಟಕ್ಕೆ ಮಲಗಿದರೂ ಹತ್ತಕ್ಕೆ ಎದ್ದು ಕೂತಿದ್ದರು, ಕೈ ತಾನಾಗಿ ಅಂಗಿ ಹುಡುಕಿತ್ತು. ನರ್ಸಮ್ಮ ಒಂದು ಗಂಟೆಗೆ ಎದ್ದು ಮೂವರ ಹಣೆ ಮುಟ್ಟಿ ನೋಡಿದ್ದರು. ಆಗಲೂ ಗಂಡ ಎಚ್ಚರವಿದ್ದು, "ಜ್ವರ ಇಲ್ಲ, ಮಲಕ್ಕೋ," ಎಂದಿದ್ದರು. ಮೂರಕ್ಕೆ ಮಗಳಿಗೆ ಎಚ್ಚರವಾಯಿತು. ಅಪ್ಪ ಅಮ್ಮ ಇಬ್ಬರೂ ಮಲಗಿದ್ದರು. ಅಪ್ಪ ಗೊರಕೆ ಹೊಡೆಯುತ್ತಾರೆಂದು ಅವಳಿಗೆ ಗೊತ್ತಾದದ್ದು ಆಗಲೇ. ಆದರೆ ಅಜ್ಜಿ ಎದ್ದು ಕೂತಿದ್ದರು. "ವ್ಯಾನ್ ಬರಲ್ಲ, ಮಲಕ್ಕೊಳೇ," ಎಂದು ಅವಳ ತಲೆಯನ್ನು ದಿಂಬಿಗೆ ಒತ್ತಿದ್ದರು. ಅವಳು ಮತ್ತೆ ಮಲಗಿದ್ದಳು.

"ಆಮೇಲೆ ನೀವು ಮಲಗಿದ್ರಾ ಇಲ್ವಾ, ಅದು ಹೇಳಿ ಅಜ್ಜಿ."

"ನಾನೆಲ್ಲಿ ಮಲಗ್ಲಿ? ಬಾಗಿಲೇ ಇಲ್ಲದ ಮನೆ. ಒಂದು ರೆಪ್ಪೆ ಮುಚ್ಚಿಲ್ಲ."

"ಒಂದು ನಿಮಿಷಾನೂ?"

"ಸುಳ್ಳು ಹೇಳ್ಲಾ?"

ಮಗಳು ಲೋಟ ಕೆಳಗಿಟ್ಟು ನೀರಿನ ಕಡೆ ನೋಡಿದಳು. ಬ್ರೆಡ್ಡಣ್ಣ ಬ್ರೆಡ್ಡು ಕತ್ತರಿಸತೊಡಗಿದರು.

ಕಾವಲುಗಾರನಿಗೆ ಇದ್ಯಾವುದೂ ತಿಳಿಯದು. ಅವನು ಚಹಾ ಮುಗಿಸಿ, ಟಾರ್ಪಾಲಿನ ಮೂಲೆಗೆ ಕೈ ತೋರಿಸಿ, "ಆ ಹಗ್ಗ ನಾನೇ ಕಟ್ಟಿದ್ದು," ಎಂದ. "ಗಾಳಿಗೆ ಗೂಟ ಕಿತ್ಕೊಂಡು ಪಟಪಟ ಬಡೀತಿತ್ತು. ಅಮ್ಮಾ, ಅಮ್ಮಾ ಅಂತ ಕರೆದೆ. ಯಾರೂ ಮಾತಾಡ್ಲಿಲ್ಲ."

ಅಜ್ಜಿ ಅವನನ್ನು ನೋಡಿದರು. "ಎಷ್ಟು ಸಲ ಕರೆದೆ?"

"ಮೂರು ಸಲ. ನಂಗೆ ಭಯ ಆಯ್ತು ಅಜ್ಜಿ, ಈ ಸ್ವಾಮಿ ಅವತ್ತು ಹಗಲಲ್ಲೇ ಹಾಗೆ ಬಿದ್ದಿದ್ದನ್ನ ನೋಡಿದ್ನಲ್ಲ. ಟಾರ್ಚ್ ಬಿಟ್ಟು ನೋಡಿದೆ. ಆಮೇಲೆ ಗೊರಕೆ ಕೇಳಿಸ್ತು, ಸಮಾಧಾನ ಆಯ್ತು."

"ಟೈಮ್ ಎಷ್ಟು?" ಎಂದರು ನರ್ಸಮ್ಮ, ವಾರ್ಡಿನಲ್ಲಿ ಕೇಳುವ ದನಿಯಲ್ಲಿ.

"ಐದಕ್ಕೆ ಹತ್ತು ನಿಮಿಷ ಇತ್ತು."

"ಎಷ್ಟು ಜನ ಮಲಗಿದ್ರು?" ಇದು ಮಗಳು.

"ಇರೋರೇ ನಾಲ್ಕು ಜನ ಅಲ್ವಾ? ನಾಲ್ಕೂ ಜನ. ಅಜ್ಜಿ ಈ ತುದೀಲಿ, ಬಾಯಿ ತೆಗೆದುಕೊಂಡು."

"ಸುಳ್ಳು," ಎಂದರು ಅಜ್ಜಿ. ಆದರೆ ಆ ಮಾತಿನಲ್ಲಿ ಬಲವಿರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನು ಬಾಯಿ ತೆಗೆದಿದ್ನಾ?" ಎಂದು ಕೇಳಿದರು.

ಮಗಳು ಎದ್ದು ಹೋಗಿ ಕಾವಲುಗಾರನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಅವನೆದುರು ಕೂತು, ಗೂಟ ಕಿತ್ತುಕೊಂಡಲ್ಲಿಂದ ಇನ್ನೊಂದು ಸಲ ಹೇಳಿ ಎಂದಳು. ಅವನು ಹೇಳಿದ. ಬ್ರೆಡ್ಡಣ್ಣ ಬ್ರೆಡ್ಡು ಕತ್ತರಿಸುವುದನ್ನು ಬಿಟ್ಟು ಕೇಳಿದರು.